ಜರಡಿಯ ಮೇಲೆ ಉಳಿದದ್ದು

"ಅಜ್ಜಾರ, ಕಣ್ಣಾರೆ ಕಂಡು, ಪರೀಕ್ಷೆ ಮಾಡಿ ನೋಡಿದ ಮ್ಯಾಲೆ ಒಬ್ಬನ ಮ್ಯಾಲೆ ಸಂಶಯ ಪಟ್ಟರ ಅದು ತಪ್ಪೇನ್ರಿ?"

ಕೇಳಿದವನು ನಿರುಪಾದಿ. ಓದಲೆಂದು ಮಠಕ್ಕೆ ಬಂದು, ಓದು ಮುಗಿದ ಮೇಲೂ ಅಲ್ಲಿಯೇ ನಿಂತ ಶಿಷ್ಯ. ಮಠದ ಸ್ವಾಮಿಗಳನ್ನು ಆ ಸೀಮೆಯವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಅಜ್ಜಾರು ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಯಾರ ಮ್ಯಾಲೆ?"

"ಫಕೀರಯ್ಯನ ಮ್ಯಾಲೆ."

ಫಕೀರಯ್ಯ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮಠ ಬಿಟ್ಟರೆ ಅವನಿಗೆ ಬೇರೆ ಬಾಗಿಲು ಇರಲಿಲ್ಲ. ಅವನನ್ನು ನಿರುಪಾದಿ ಮಳೆಗಾಲದಿಂದ ಗಮನಿಸುತ್ತಿದ್ದ. ಪ್ರಸಾದ ಮುಗಿದ ಮೇಲೆ ಮುಚ್ಚಿದ ಪಾತ್ರೆ ಹಿಡಿದು ಹಿತ್ತಿಲ ಬಾಗಿಲಿನಿಂದ ಹೋಗುವುದನ್ನು ನೋಡಿದ್ದ. ಬರಿಗೈಯಲ್ಲಿ ಮರಳುವುದನ್ನೂ ನೋಡಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ "ಇಲ್ಲೇ" ಎಂಬ ಉತ್ತರ ಬಂದಿತ್ತು. ಅಷ್ಟಕ್ಕೇ ಬಿಡದೆ ಉಗ್ರಾಣದ ಜೋಳವನ್ನು ತಾನೇ ಅಳೆದು ನೋಡಿದ್ದ. ಇರಬೇಕಾದದ್ದಕ್ಕಿಂತ ಕಡಿಮೆ ಬಂದಿತ್ತು. ಇದನ್ನೆಲ್ಲ ಒಂದರ ಮೇಲೊಂದು ಗೋಡೆ ಕಟ್ಟಿದ ಹಾಗೆ ಹೇಳಿ, ಕೊನೆಗೆ, ಅವನನ್ನು ಮಠದಿಂದ ಕಳಿಸಿಬಿಡುವುದು ಒಳ್ಳೆಯದು ಎಂದ.

"ನೋಡಿದ್ದು ನಾನು. ಅಳದದ್ದೂ ನಾನು. ಮಂದಿ ಮಾತು ಕೇಳಿ ಬಂದಿಲ್ರಿ" ಎಂದೂ ಸೇರಿಸಿದ.

ಅಜ್ಜಾರು ಕೈ ಒರೆಸಿಕೊಂಡರು. "ಕುಂದ್ರು. ಒಂದು ಹೊಲದ ಕತಿ ಹೇಳ್ತೀನಿ" ಎಂದರು. ಅವರು ಹೇಳಿದ ಕತೆ ಹೀಗಿದೆ.

ಒಬ್ಬ ರೈತನಿದ್ದ. ದುಡಿಮೆಗಾರ. ಸುಳ್ಳು ಹೇಳಿದವನಲ್ಲ, ಇನ್ನೊಬ್ಬರ ಒಂದು ಕಡ್ಡಿ ಮುಟ್ಟಿದವನಲ್ಲ. ಆದರೆ ಮೊಸರಿನಲ್ಲಿ ಕಲ್ಲು ಹುಡುಕುವ ಸ್ವಭಾವ. ನೆಂಟರು ಬಂದರೆ ಯಾಕೆ ಬಂದರು ಎಂದು ಯೋಚಿಸುತ್ತಿದ್ದ. ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಯೋಚಿಸುತ್ತಿದ್ದ. ಅಂಗಡಿಯವನು ಸರಿಯಾಗಿ ತೂಗಿದ ದಿನ, ಇಷ್ಟು ಸರಿಯಾಗಿ ಯಾಕೆ ತೂಗಿದ ಎಂದು ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇಂಥವನ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟ ಎಂಬುದು ಅವನ ಹೆಂಡತಿಗೆ ಗೊತ್ತಿತ್ತು. ಅವಳು ಹೇಳಿಕೊಳ್ಳುತ್ತಿರಲಿಲ್ಲ.

ಒಂದು ಸುಗ್ಗಿಯಲ್ಲಿ ರೈತ ಬಂಡಿಯಿಂದ ಬಿದ್ದ. ಸೊಂಟ ಹಿಡಿಯಿತು. ನೇಗಿಲ ಹಿಂದೆ ನಡೆಯುವುದು ಆಗದ ಮಾತಾಯಿತು. ಹೊಲ ಬೀಳು ಬಿಡಲು ಮನಸ್ಸಿಲ್ಲ, ಮಾರಲು ಮೊದಲೇ ಮನಸ್ಸಿಲ್ಲ. ಪಕ್ಕದ ಊರಿನಲ್ಲಿ ಸ್ವಂತ ಹೊಲವಿಲ್ಲದ ಒಬ್ಬ ಬೇಸಾಯಗಾರನಿದ್ದ. ಅವನನ್ನು ಕರೆಸಿ, ಬೆಳೆದದ್ದರಲ್ಲಿ ಇಬ್ಬರಿಗೂ ಪಾಲು ಎಂದು ಹೊಲ ಒಪ್ಪಿಸಿದ.

ಆ ಕಡೆ ಪಾಲಿಗೆ ಹೊಲ ಕೊಡುವಾಗ ಒಂದು ಪದ್ಧತಿ. ಕೊಡುವವನು, ತೆಗೆದುಕೊಳ್ಳುವವನು ಇಬ್ಬರೂ ಹೊಲದಲ್ಲಿ ನಿಂತು ಒಂದೇ ಮಣ್ಣಿನ ಹೆಂಟೆಯನ್ನು ಎರಡು ಕಡೆಯಿಂದ ಹಿಡಿದು ಮುರಿಯುತ್ತಾರೆ. ಹೆಂಟೆ ಮುರಿಯುವಾಗ ಆಡಿದ ಮಾತನ್ನು ಮುರಿಯುವ ಹಾಗಿಲ್ಲ. ರೈತ ಆಡಿದ ಮಾತು ಇದು:

"ನೀ ಉಳುವಷ್ಟು ದಿನ ಈ ಹೊಲ ನಿಂದ. ಆದರ ಮಣ್ಣಿನ ಸತ್ವ ಇಳೀಬಾರದು. ಇಳೀತು ಅಂದ್ರ, ಅಂದಿಗೆ ನಿನ್ನ ದಾರಿ ನಿನಗ."

"ಹಂಗ ಆಗ್ಲಿರಿ ಧಣ್ಯಾರ" ಎಂದ ಪಾಲುಗಾರ. ಹೆಂಟೆ ಮುರಿಯಿತು. ಅವನು ತನ್ನ ಪಾಲಿನ ಅರ್ಧವನ್ನು ಕಣ್ಣಿಗೆ ಒತ್ತಿಕೊಂಡ.

ಸತ್ವ ಇಳಿಯಿತೋ ಏರಿತೋ ಎಂದು ಹೇಳುವವರು ಯಾರು? ತಾಲೂಕಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಕೇಂದ್ರವಿತ್ತು. ಅಲ್ಲಿ ಒಬ್ಬ ಅಧಿಕಾರಿಣಿ ಇದ್ದಳು. ಎಲೆ, ಬೇರು, ಸಗಣಿ ಎಲ್ಲ ಕೊಳೆತು ಮಣ್ಣಿನಲ್ಲಿ ಮಣ್ಣಾಗಿ ಉಳಿಯುವ ಸತ್ವವನ್ನು ಓದಿದವರು ಇಂಗಾಲದ ಲೆಕ್ಕದಲ್ಲಿ ಅಳೆಯುತ್ತಾರೆ. ಇಂಗಾಲ ಏರಿದರೆ ಮಣ್ಣು ಬದುಕುತ್ತಿದೆ, ಇಳಿದರೆ ಸೊರಗುತ್ತಿದೆ. ಕೇಂದ್ರದಲ್ಲಿ ಕೆಲಸದವರು ಕಡಿಮೆ. ಆದ್ದರಿಂದ ಮಣ್ಣನ್ನು ಮನೆಯಲ್ಲಿಯೇ ಹದ ಮಾಡಿ ತರಬೇಕೆಂದು ರೈತರಿಗೆ ಹೇಳುತ್ತಿದ್ದರು. ನೆರಳಲ್ಲಿ ಒಣಗಿಸಬೇಕು. ಕಲ್ಲು, ಬೇರು ಆರಿಸಿ ತೆಗೆಯಬೇಕು. ಹೆಂಟೆ ಕುಟ್ಟಬೇಕು. ಉಳಿದ ಮಣ್ಣೆಲ್ಲ ಜರಡಿ ಇಳಿಯಬೇಕು. ಇಳಿಯದೆ ನಿಂತದ್ದನ್ನು ಚೆಲ್ಲಬಾರದು, ಮತ್ತೆ ಕುಟ್ಟಿ ಇಳಿಸಬೇಕು.

ರೈತ ಎಲ್ಲದಕ್ಕೂ ತಲೆಯಾಡಿಸಿ ಬಂದಿದ್ದ. ಸರಕಾರದವರ ಮುಂದೆ ತಲೆ ಆಡಿಸುವುದು ನಮ್ಮ ಜನಕ್ಕೆ ಉಸಿರಾಡಿದಷ್ಟು ಸಲೀಸು. ಕಿವಿಗೆ ಹೋದದ್ದು ಎಷ್ಟು ಎಂಬುದು ಬೇರೆ ಮಾತು.

ಪಾಲುಗಾರ ನೇಗಿಲು ಹೂಡುವ ಮೊದಲು ರೈತ ಮಣ್ಣು ತಂದ. ಅದು ತಾನು ಉತ್ತ ಮಣ್ಣು. ಜೋಳದ ಬೇರು ಅದರ ತುಂಬ ಇತ್ತು. ಆರಿಸಿ ಎಸೆಯಲು ಕೈ ಬರಲಿಲ್ಲ. ನನ್ನ ಬೆವರಿಗೆ ಹುಟ್ಟಿದ ಬೇರು, ಇದೂ ನನ್ನ ಹೊಲದ್ದೇ ಅಲ್ಲವೆ ಎಂದುಕೊಂಡು ಬೇರು, ಕೂಳೆ, ಕಡ್ಡಿ ಎಲ್ಲವನ್ನೂ ಒರಳಿಗೆ ಹಾಕಿ ಮಣ್ಣಿನ ಜೊತೆಗೇ ಹಿಟ್ಟಿನ ಹಾಗೆ ಕುಟ್ಟಿದ. ಜರಡಿಯಲ್ಲಿ ಎಲ್ಲ ಸರಾಗವಾಗಿ ಇಳಿಯಿತು. ಪರೀಕ್ಷೆಯಲ್ಲಿ ನೂರು ಪಾಲು ಮಣ್ಣಿಗೆ ಮುಕ್ಕಾಲು ಪಾಲು ಇಂಗಾಲ ಎಂದು ಬಂತು. ಒಳ್ಳೆಯ ಹೊಲ ಎಂದಳು ಅಧಿಕಾರಿಣಿ. ರೈತ ಊರ ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿದ.

ಪಾಲುಗಾರ ದುಡಿಯತೊಡಗಿದ. ರೈತ ನೋಡತೊಡಗಿದ.

ಕೊಯ್ಲಾದ ಮೇಲೆ ಪಾಲುಗಾರ ಕೂಳೆ ಸುಡಲಿಲ್ಲ, ಹೊಲದಲ್ಲಿಯೇ ಬಿಟ್ಟ. ರೈತನಿಗೆ ಅದು ಸೋಮಾರಿತನವಾಗಿ ಕಂಡಿತು. ಬೇಸಿಗೆಯಲ್ಲಿ ಪಾಲುಗಾರ ಕುರುಬರನ್ನು ಕರೆದು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದ. ಇನ್ನೊಬ್ಬರ ಹೊಲಕ್ಕೆ ಯಾರಾದರೂ ಇಷ್ಟು ಮಾಡುತ್ತಾರೆಯೆ, ಇವನ ಕಣ್ಣು ಹೊಲದ ಮೇಲೆಯೇ ಇದೆ ಎಂದುಕೊಂಡ ರೈತ. ಪಾಲುಗಾರ ಬದುವಿನ ಉದ್ದಕ್ಕೂ ಗೊಬ್ಬರದ ಗಿಡ ನೆಟ್ಟು, ಅದರ ಸೊಪ್ಪು ಕಡಿದು ಮಣ್ಣಿಗೆ ಹಾಕಿದ. ರೈತ ಅದನ್ನು ಬದು ಒತ್ತುವ ಹುನ್ನಾರ ಎಂದುಕೊಂಡ. ಒಂದು ವರ್ಷ ಬೆಳೆ ಸೊರಗಿತು. ಮೈಗಳ್ಳ ಎಂದ. ಮರುವರ್ಷ ತೆನೆ ಬಗ್ಗಿ ಬಂತು. ಆಗಲಾದರೂ ಸಮಾಧಾನವಾಯಿತೆ ಎಂದರೆ, ಇಲ್ಲ. ಇಷ್ಟು ಬೆಳೆ ಎಲ್ಲಿಂದ ಬಂತು? ಮಣ್ಣಿನ ಸತ್ವವನ್ನೆಲ್ಲ ಹೀರಿ ತೆಗೆದಿದ್ದಾನೆ, ಹಸುವಿನ ರಕ್ತ ಹಿಂಡಿ ಹಾಲು ಎಂದು ತೋರಿಸುತ್ತಿದ್ದಾನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೆಲವು ವರ್ಷ ಕಳೆದ ಮೇಲೆ ಮತ್ತೆ ಮಣ್ಣು ಪರೀಕ್ಷೆ ಮಾಡಿಸಬೇಕೆಂದು ಇಬ್ಬರೂ ಒಪ್ಪಿದ್ದರು, ಆ ವರ್ಷ ಬಂತು. ಪಾಲುಗಾರ ತಾನೇ ಮಣ್ಣು ಅಗೆದು ಕೊಡಲು ಬಂದ. ರೈತ ಬೇಡ ಎಂದ. ಸೊಂಟ ನೋಯುತ್ತಿದ್ದರೂ ಸಲಿಕೆ ಊರಿಕೊಂಡು ಹೋಗಿ ತಾನೇ ಅಗೆದ, ಮೊದಲ ಸಲ ಅಗೆದ ಜಾಗದಲ್ಲಿಯೇ, ಅಷ್ಟೇ ಆಳಕ್ಕೆ. ಈ ಸಲ ಯಾರೂ ಮೋಸ ಮಾಡಬಾರದು ಎಂದು ತೀರ್ಮಾನಿಸಿದ್ದ.

ನೆರಳಲ್ಲಿ ಒಣಗಿಸಬೇಕು ಎಂಬುದು ನೆನಪಿತ್ತು. ಆದರೆ ಪಡಸಾಲೆಯಲ್ಲಿ ಹರಡಿದರೆ ಹೋಗುವವರು ಬರುವವರು ಸಾವಿರ ಜನ. ಪಾಲುಗಾರ ಯಾರ ಕೈಯಲ್ಲಾದರೂ ಒಂದು ಹಿಡಿ ಗೊಬ್ಬರದ ಪುಡಿ ಎರಚಿಸಿದರೆ ಗತಿ ಏನು? ರೈತ ಅಡುಗೆಮನೆ ಸೇರಿ ಕದ ಹಾಕಿಕೊಂಡ. ಒಲೆ ಹೊತ್ತಿಸಿ, ರೊಟ್ಟಿ ಬೇಯಿಸುವ ಹಂಚಿನ ಮೇಲೆ ಮಣ್ಣು ಸುರಿದು ಹುರಿಯತೊಡಗಿದ. ಹಬೆ ಹೋಗಿ ಹೊಗೆ ಎದ್ದಿತು. ಹೆಂಡತಿ ಕದ ಬಡಿದಳು.

"ಮಣ್ಣು ಹುರದು ಯಾರಿಗೆ ಉಣ್ಣಾಕ ಹಾಕ್ತೀರಿ? ಹಂಚು ಹಾಳು ಮಾಡಬ್ಯಾಡ್ರಿ!"

ಅವನು ಮಣ್ಣು ಕೈಯಾಡಿಸುತ್ತಲೇ ಇದ್ದ. ಅವಳನ್ನು ಯಾರು ಕಳಿಸಿದರೋ ಎಂಬ ಯೋಚನೆಯೂ ಒಂದು ಗಳಿಗೆ ಬಂದು ಹೋಯಿತು.

ಮಣ್ಣು ಆರಿದ ಮೇಲೆ ಮೊರಕ್ಕೆ ಹಾಕಿ ನೋಡಿದ. ಬೇರು ಕಂಡಿತು. ಈ ಬೇರು ಪಾಲುಗಾರನ ಬೆಳೆಯದು. ಕೂದಲೆಳೆಯಷ್ಟನ್ನೂ ಬಿಡದೆ ಆರಿಸಿ ತೆಗೆದ. ಆಮೇಲೆ ಇನ್ನೊಂದು ಕಂಡಿತು. ಮಣ್ಣಿನ ತುಂಬ ಕರಿಯ ಸಣ್ಣ ಹರಳು, ಕೆಲವು ಸಾಸಿವೆಯಷ್ಟು, ಕೆಲವು ಕಡಲೆಯಷ್ಟು. ಒತ್ತಿದರೆ ಹಿಟ್ಟಾಗುವಂಥವಲ್ಲ. ಮೊದಲ ಸಲ ಇವು ಇರಲಿಲ್ಲ. ಸಿಕ್ಕಿಬಿದ್ದ ಎಂದುಕೊಂಡ. ಪರೀಕ್ಷೆಯ ವರ್ಷ ಎಂದು ತಿಳಿದು, ಗೊಬ್ಬರವನ್ನು ಉಂಡೆ ಕಟ್ಟಿ ಹೊಲದಲ್ಲಿ ಬಿತ್ತಿದ್ದಾನೆ. ಅಕ್ಕಿಯೊಳಗಿನ ಕಲ್ಲು ಆರಿಸುವ ಹಾಗೆ ಕುಳಿತು ಒಂದೊಂದೇ ಹರಳನ್ನು ಆರಿಸಿದ. ಉಳಿದದ್ದನ್ನು ಜರಡಿಗೆ ಹಾಕಿ ಆಡಿಸಿದ. ಜರಡಿಯ ಮೇಲೆ ಮತ್ತಷ್ಟು ಕರಿ ಹರಳು ನಿಂತಿತು. ಅದನ್ನೂ ಒಯ್ದು ಬೀದಿಗೆ ಚೆಲ್ಲಿ ಬಂದ. ಕೆಳಗೆ ಇಳಿದ ಸಪ್ಪೆ ಬಣ್ಣದ ನುಣುಪು ಮಣ್ಣನ್ನು ಚೀಲಕ್ಕೆ ಕಟ್ಟಿದ. ಇದು ಅಪ್ಪಟ ಎಂದುಕೊಂಡ.

ಕೇಂದ್ರದಲ್ಲಿ ಅಧಿಕಾರಿಣಿ, ಹೇಳಿದ ಹಾಗೆ ಹದ ಮಾಡಿದ್ದೀರಾ ಎಂದು ಕೇಳಿದಳು. ಹೇಳಿದ್ದಕ್ಕಿಂತ ಹೆಚ್ಚು ಎಚ್ಚರದಿಂದ ಮಾಡಿದ್ದೇನೆ ಎಂದ. ಅವನ ಮನಸ್ಸಿನಲ್ಲಿ ಅದು ಸುಳ್ಳಲ್ಲ.

ಫಲಿತ ಬಂತು. ಮುಕ್ಕಾಲು ಪಾಲಿದ್ದದ್ದು ಅರ್ಧಕ್ಕೂ ಕೆಳಗೆ ಇಳಿದಿತ್ತು.

ತನ್ನ ಹೊಲ ಸಾಯುತ್ತಿದೆ ಎಂದು ತಿಳಿದವನಿಗೆ ದುಃಖವಾಗಬೇಕು. ರೈತನಿಗೆ ಸಂತೋಷವಾಯಿತು. ಇಷ್ಟು ವರ್ಷ ಅನುಮಾನಿಸಿದ್ದು ಸುಳ್ಳಾಗಲಿಲ್ಲವಲ್ಲ ಎಂಬ ಸಂತೋಷ. ಆ ಸಂತೋಷ ಕೆಟ್ಟದ್ದು. ಹೊಲ ಹೋದರೂ ಸರಿ, ನನ್ನ ಮಾತು ನಿಲ್ಲಲಿ ಎನ್ನುವಂಥದು.

ಊರ ಕಟ್ಟೆಯಲ್ಲಿ ಹಿರಿಯರನ್ನು ಕೂಡಿಸಿ ಪಾಲುಗಾರನನ್ನು ಕರೆಸಿದ. ಎರಡು ಸಲದ ಪರೀಕ್ಷೆಯ ಮಾತನ್ನೂ ಹೇಳಿದ. ಗೊಬ್ಬರದ ಉಂಡೆ ಬಿತ್ತಿ ಮೋಸ ಮಾಡಲು ನೋಡಿದ್ದನ್ನೂ ಹೇಳಿದ. ಪಾಲುಗಾರನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅವನ ಮುಖ ಇಳಿಯಿತು.

"ಧಣ್ಯಾರ, ನಾ ಏನೂ ಬಿತ್ತಿಲ್ರಿ. ಹೊಲಕ್ಕ ಬರ್ರಿ. ಒಂದು ಹಿಡಿ ಮಣ್ಣು ಕೈಯಾಗ ಹಿಡದು ನೋಡ್ರಿ, ಸಾಕು."

"ಕೈ ಸುಳ್ಳು ಹೇಳತೈತಿ. ಯಂತ್ರ ಸುಳ್ಳು ಹೇಳಾಂಗಿಲ್ಲ."

ಹಿರಿಯರು ರೈತನ ಮಾತಿಗೆ ಒಪ್ಪಿದರು. ಲೆಕ್ಕ ಕಣ್ಣ ಮುಂದೆ ಇತ್ತು, ಹೆಂಟೆ ಮುರಿದು ಆಡಿದ ಮಾತೂ ಇತ್ತು. ಪಾಲುಗಾರ ಎದ್ದು ಹೋಗಿ ಎತ್ತು ಬಿಚ್ಚಿದ. ಅವನಿಗೆ ಯಾರೂ ಹೊಲ ಕೊಡಲು ಮುಂದಾಗಲಿಲ್ಲ. ಮಣ್ಣಿನ ಸತ್ವ ಕದ್ದವನು ಎಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಊರುಗಳಿಗೂ ಹೋಗಿತ್ತು. ಕಲ್ಲು ಒಡೆಯುವ ಕಣಿಯಲ್ಲಿ ಕೂಲಿಗೆ ನಿಂತ.

ಬಿತ್ತನೆಗೆ ಮೊದಲು ಒಂದು ಮಳೆಯಾಯಿತು. ಹೊಲಕ್ಕೆ ಎಷ್ಟು ಗೊಬ್ಬರ ಹಾಕಿದರೆ ಮತ್ತೆ ಮೇಲೇಳುತ್ತದೆ ಎಂದು ಕೇಳಲು ರೈತ ಇನ್ನೊಮ್ಮೆ ಮಣ್ಣು ಅಗೆದ. ಹಸಿ ಮಣ್ಣು. ಈಗ ಪಾಲುಗಾರ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ಹುರಿಯುವ, ಆರಿಸುವ ಗೊಡವೆಗೆ ಹೋಗದೆ ಹಾಗೆಯೇ ಕೇಂದ್ರಕ್ಕೆ ಒಯ್ದ. ಅಲ್ಲಿ ಹೊಸದಾಗಿ ಕೆಲಸದವರು ಬಂದಿದ್ದರು. ಬಿಟ್ಟು ಹೋಗಿ, ನಾವೇ ಹದ ಮಾಡಿಕೊಳ್ಳುತ್ತೇವೆ ಎಂದಳು ಅಧಿಕಾರಿಣಿ.

ಆ ಸಲದ ಫಲಿತ ಒಂದು ಪಾಲಿನ ಹತ್ತಿರ ಬಂದಿತ್ತು. ಮೊದಲ ಸಲಕ್ಕಿಂತಲೂ ಮೇಲೆ.

ರೈತ ನಂಬಲಿಲ್ಲ. ಚೀಲ ಅದಲು ಬದಲಾಗಿದೆ ಎಂದ. ಅಧಿಕಾರಿಣಿ ಚೀಲ ತೋರಿಸಿದಳು. ಯಂತ್ರ ಕೆಟ್ಟಿದೆ ಎಂದ. ಅವಳು ಮತ್ತೊಮ್ಮೆ ಅಳೆದಳು, ಅಷ್ಟೇ ಬಂತು. ಪಾಲುಗಾರ ಇಲ್ಲಿಗೆ ಬಂದಿದ್ದನೆ ಎಂದು ಕೇಳಿದ. ಯಾವ ಪಾಲುಗಾರ ಎಂದು ಅವಳು ಕೇಳಿದಳು. ಒಂದು ತಿಂಗಳ ಹಿಂದೆ ಸತ್ತ ಹೊಲ ಈಗ ಎದ್ದು ಕುಳಿತಿತೆ ಎಂದು ಅವನು ರೇಗಿದಾಗ, ಅವಳಿಗೂ ಸಂಶಯ ಬಂತು. ಆ ಮಣ್ಣನ್ನು ಹೇಗೆ ಹದ ಮಾಡಿದಿರಿ, ಮೊದಲಿನಿಂದ ಹೇಳಿ ಎಂದಳು.

ಅವನು ಹೇಳಿದ. ಕದ ಹಾಕಿದ್ದು, ಹಂಚಿನ ಮೇಲೆ ಹುರಿದದ್ದು, ಕಳ್ಳ ಹರಳನ್ನು ಆರಿಸಿದ್ದು ಎಲ್ಲವನ್ನೂ ಹೇಳಿದ. ತನ್ನ ಎಚ್ಚರಿಕೆಯನ್ನು ಯಾರೂ ಮೆಚ್ಚಿರಲಿಲ್ಲ, ಇವಳಾದರೂ ಮೆಚ್ಚಲಿ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ಅವನು ತಂದ ಮಣ್ಣಿನಲ್ಲಿ ಉಳಿದದ್ದು ನೆರಳಲ್ಲಿ ಒಣಗಿತ್ತು. ಅಧಿಕಾರಿಣಿ ಅದನ್ನು ತಂದು ಬೇರು, ಕಲ್ಲು ತೆಗೆದು ಜರಡಿಗೆ ಹಾಕಿ ಆಡಿಸಿದಳು. ಜರಡಿಯ ಮೇಲೆ ಅದೇ ಕರಿಯ ಹರಳು ನಿಂತಿತು.

"ಇದ ನೋಡ್ರಿ ಅವ ಹಾಕಿದ್ದು!" ಎಂದ ರೈತ.

"ಯಾರೂ ಹಾಕಿದ್ದಲ್ರಿ ಇದು. ಎರೆಹುಳ, ಬೇರು, ಕೊಳೆತ ಸೊಪ್ಪು ಎಲ್ಲಾ ಕೂಡಿ ಮಣ್ಣನ್ನ ಹಿಂಗ ಕಟ್ಟತಾವ. ವರ್ಷಾನುಗಟ್ಟಲೆ ಹೊಲ ಚೊಲೋ ನೋಡ್ಕೊಂಡ್ರ ಮಾತ್ರ ಇಷ್ಟು ಆಗ್ತಾವ. ನಾವು ಅಳೆಯೋ ಇಂಗಾಲ ಜಾಸ್ತಿ ಇರೋದು ಇದರೊಳಗ."

ಅವಳು ಹರಳನ್ನು ಕಲ್ಲಿನ ಬಟ್ಟಲಿಗೆ ಹಾಕಿ ಕುಟ್ಟಿದಳು. ಜರಡಿಯಲ್ಲಿ ಕರಿ ಹಿಟ್ಟು ಇಳಿಯಿತು. ಆಮೇಲೆ, ಇಂಥದ್ದನ್ನು ನೀವು ಏನು ಮಾಡಿದಿರಿ ಎಂದು ಕೇಳಿದಳು.

"ಚೆಲ್ಲಿದೆ" ಎಂದ ರೈತ.

ಉಳಿದ ಮಣ್ಣಿನ ಸತ್ವವನ್ನೂ ಹಂಚಿನ ಮೇಲೆ ಸುಟ್ಟಿರಿ ಎಂದಳು ಅವಳು. ಮೊದಲ ಸಲ ಏನು ಮಾಡಿದ್ದಿರಿ ಎಂದೂ ಕೇಳಿದಳು. ಬೇರು ಕೂಡಿಸಿ ಕುಟ್ಟಿದ್ದು ತಿಳಿದ ಮೇಲೆ, ಹಾಗಾದರೆ ಆಗ ಬಂದ ಲೆಕ್ಕದಲ್ಲಿ ಮಣ್ಣಿನ ಸತ್ವದ ಜೊತೆ ಬೇರಿನ ಪುಡಿಯೂ ಇತ್ತು ಎಂದಳು. ಇದ್ದದ್ದಕ್ಕಿಂತ ಹೆಚ್ಚು ಬಂದಿತ್ತು ಎಂದಳು.

ರೈತ ಜರಡಿಯ ಕಡೆ ನೋಡಿದ. ತಪ್ಪನ್ನು ಯಾರ ಮೇಲಾದರೂ ಹಾಕೋಣವೆಂದರೆ ಯಾರೂ ಸಿಗಲಿಲ್ಲ. ಪರೀಕ್ಷೆಯ ಮಣ್ಣನ್ನು ಪಾಲುಗಾರ ಮುಟ್ಟಿರಲಿಲ್ಲ. ಅಧಿಕಾರಿಣಿ ತಪ್ಪು ಅಳೆದಿರಲಿಲ್ಲ. ಎರಡು ಸಲವೂ ಮಣ್ಣು ಹದ ಮಾಡಿದ ಕೈ ಒಂದೇ. ಒಂದು ಸಲ ಅದು ತನ್ನದು ಎಂಬ ಮೋಹದಿಂದ ಮಾಡಿತ್ತು, ಇನ್ನೊಂದು ಸಲ ಅವನದು ಎಂಬ ದ್ವೇಷದಿಂದ. ಎಲ್ಲರನ್ನೂ ಸಂಶಯಿಸಿದವನು ಆ ಒಂದು ಕೈಯನ್ನು ಸಂಶಯಿಸಿರಲಿಲ್ಲ. ಅವನಿಗೆ ಅಳು ಬಂತು. ನಾಚಿಕೆಗೆ ಬಂದ ಅಳು ಅದು.

ಸೊಂಟ ಹಿಡಿದುಕೊಂಡು ಕಲ್ಲಿನ ಕಣಿಗೆ ಹೋದ. ಪಾಲುಗಾರ ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ, ನೆರಳಿಗೆ ಕರೆದು ಕೂರಿಸಿದ, ಕುಡಿಯಲು ನೀರು ಕೊಟ್ಟ. ಅಂಗೈ ಒಡೆದಿತ್ತು. ಮುಖದಲ್ಲಿ ಸಿಟ್ಟು ಇರಲಿಲ್ಲ, ಅದನ್ನು ನೋಡಿ ರೈತನಿಗೆ ಇನ್ನೂ ಸಂಕಟವಾಯಿತು. ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಊರ ಕಟ್ಟೆಯಲ್ಲಿ ಎಲ್ಲರ ಮುಂದೆಯೂ ಹೇಳುತ್ತೇನೆ, ಹೊಲಕ್ಕೆ ಬಾ ಎಂದು ಕೈ ಮುಗಿದ.

ಪಾಲುಗಾರ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಮಂದಿ ಮುಂದ ಹೇಳ್ರಿ ಧಣ್ಯಾರ. ನನ್ನ ಮಕ್ಕಳು ತಲೆ ಎತ್ತಿ ತಿರುಗ್ಯಾಡ್ತಾವ. ಆದ್ರ ಹೊಲಕ್ಕ ನಾ ಬರಂಗಿಲ್ರಿ. ನಿಮ್ಮ ಹೊಲದ ಅಂಜಿಕಿ ನನಗಿಲ್ಲ, ನಿಮ್ಮ ಕಣ್ಣಿನ ಅಂಜಿಕಿ ಐತಿ."

ರೈತ ಊರಿಗೆ ಮರಳಿ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಹೇಳಿದ. ಪಾಲುಗಾರನಿಗೆ ಬೇರೆ ಊರಿನವರು ಹೊಲ ಕೊಟ್ಟರು. ರೈತನ ಹೊಲ ಆ ವರ್ಷ ಬೀಳು ಬಿತ್ತು.

ಅಜ್ಜಾರು ಕತೆ ನಿಲ್ಲಿಸಿದರು. ನಿರುಪಾದಿಗೆ ಒಳಗೆ ಎಲ್ಲೋ ಚುಚ್ಚಿತು. ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ರೈತನಿಗೆ ಮಣ್ಣಿನ ವಿಷಯ ಗೊತ್ತಿರಲಿಲ್ಲ, ತಪ್ಪಿದ. ತನಗೆ ಫಕೀರಯ್ಯ ಗೊತ್ತು.

"ಆದ್ರ ಅಜ್ಜಾರ, ನಾ ಹೇಳಿದ್ರಾಗ ಒಂದು ಮಾತೂ ಸುಳ್ಳಿಲ್ರಿ. ನೋಡಿದ್ದು ಖರೆ, ಅಳದದ್ದು ಖರೆ."

"ಹೌದಪಾ, ರೈತ ಚೀಲದಾಗ ಕಟ್ಟಿ ಒಯ್ದದ್ದೂ ಅದೇ ಹೊಲದ ಮಣ್ಣ" ಎಂದರು ಅಜ್ಜಾರು. ನಿರುಪಾದಿಯ ಮುಖವನ್ನು ಮೊದಲ ಸಲ ನೇರವಾಗಿ ನೋಡಿ ಕೇಳಿದರು:

"ಫಕೀರಯ್ಯನ ಸುದ್ದಿಯೊಳಗ ನೀ ಆರಿಸಿ ಚೆಲ್ಲಿ ಬಂದದ್ದು ಏನು, ಅಷ್ಟು ಹೇಳು."

ನಿರುಪಾದಿ ಬಾಯಿ ತೆರೆದ. ಫಕೀರಯ್ಯನಲ್ಲಿ ಒಳ್ಳೆಯದೆಂದು ಕಂಡರೂ ತಾನು ಹೇಳದೆ ಬಿಟ್ಟದ್ದು ಬಹಳ ಇತ್ತು.